ಬೀವರನ್ನು ಉಳಿಸಿದ ಹುಳು

ಹೋದ ಯುಗಾದಿಯ ಮಾರನೆಯ ದಿನ, ವರ್ಷತೊಡಕಿನ ಬಾಡೂಟ ಮುಗಿಸಿ ಅಕ್ಕನ ಮನೆಯ ಜಗಲಿಯಲ್ಲಿ ಕುಳಿತಿದ್ದೆವು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಊರು ಅದು. ಮನೆಯ ಹಿಂದೆ ಹುಳದ ಮನೆ, ಅದರಾಚೆ ಒಂದೂವರೆ ಎಕರೆ ಹಿಪ್ಪುನೇರಳೆ, ಅದರಾಚೆ ಕಬ್ಬು. ಮಾತು ಅಕ್ಕನ ಮಗಳ ಮದುವೆಯ ಕಡೆ ಹೊರಳಿತ್ತು. ಗಂಡು ಗೊತ್ತಾಗಿತ್ತು, ಛತ್ರವೂ ಗೊತ್ತಾಗಿತ್ತು. ಧಾರೆ ಸೀರೆ ತರಲು ಯಾವಾಗ ಹೋಗೋಣ ಎಂದು ಅಕ್ಕ ಕೇಳಿದಳು. ಬೆಂಗಳೂರಿನಲ್ಲಿ ಓದು ಮುಗಿಸಿ ಅಲ್ಲೇ ಕೆಲಸಕ್ಕಿರುವ ಹುಡುಗಿ ತಲೆ ಬಗ್ಗಿಸಿಕೊಂಡೇ ಹೇಳಿದಳು: “ಅವ್ವ, ನಾನು ರೇಷ್ಮೆ ಉಡಲ್ಲ.”

ಅಕ್ಕ ಮೊದಲು ತಮಾಷೆ ಎಂದುಕೊಂಡಳು. ಅಲ್ಲ ಎಂದು ತಿಳಿದಾಗ ಯಾಕೆ ಎಂದು ಕೇಳಿದಳು. ಜೀವಂತ ಹುಳವನ್ನು ಬೇಯಿಸಿ ತೆಗೆದ ನೂಲು ನನ್ನ ಮೈಮೇಲೆ ಬೇಡ, ಎಂದಳು ಮಗಳು.

“ಈಗ ತಾನೆ ಮರಿ ಬಾಡು ಉಂಡು ಕೈ ತೊಳ್ಕಂಡಿದ್ದೀಯ. ಅದಕ್ಕಿಲ್ಲದ ಕನಿಕರ ಹುಳಕ್ಕೆ ಎಲ್ಲಿಂದ ಬಂತವ್ವ?”

“ಅದು ಹೊಟ್ಟೆಗೆ. ಇದು ಅಂದಕ್ಕೆ.”

“ಅಂದಕ್ಕಲ್ಲ ಕಣೆ, ನಿನ್ನ ಫೀಸಿಗೆ.”

ಆ ಮಾತಿನ ಮೇಲೆ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹುಡುಗಿ ನನ್ನ ಕಡೆ ತಿರುಗಿ, “ನೀವಾದ್ರೂ ಹೇಳಿ ಮಾವ” ಎಂದಳು. ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಪಾಠ ಹೇಳುವವನು ನಾನು. ಆ ಹೊತ್ತಿಗೆ ನನ್ನ ಬಾಯಲ್ಲಿ ಒಂದು ಮಾತೂ ಬರಲಿಲ್ಲ. ನನ್ನ ಓದಿನ ಖರ್ಚೂ ಅದೇ ಹುಳದ ಮನೆಯಿಂದಲೇ ಬಂದದ್ದು. ಅಂದು ಹೇಳಲಾಗದ್ದನ್ನು ಇಲ್ಲಿ ಹೇಳಲು ನೋಡುತ್ತೇನೆ. ಅದಕ್ಕೆ ಸ್ವಲ್ಪ ದೂರ ಸುತ್ತಿ ಬರಬೇಕು.

* * *

ಅದಾಗಿ ಹದಿನೈದು ದಿನಕ್ಕೆ ಮಂಡ್ಯದಲ್ಲಿ ನಮ್ಮ ತರಗತಿಗೆ ಉತ್ತರ ಅಮೆರಿಕದ ವಸಾಹತುಗಳ ಪಾಠ ಬಂತು. ತುಪ್ಪಳದ ವ್ಯಾಪಾರಕ್ಕೆ ಪುಸ್ತಕದಲ್ಲಿದ್ದದ್ದು ಎರಡೇ ಸಾಲು. ಬೀವರ್ ಅಂದರೆ ಏನು ಸಾರ್, ಎಂದು ಒಬ್ಬಳು ಕೇಳಿದಳು. ಇಲಿ, ಅಳಿಲುಗಳ ಬಳಗದ ದೊಡ್ಡ ಪ್ರಾಣಿ; ಹಲ್ಲಿನಿಂದಲೇ ಮರ ಕಡಿದು ಉರುಳಿಸುತ್ತದೆ; ಕೊಂಬೆ, ಕಲ್ಲು, ಕೆಸರು ಸೇರಿಸಿ ಹಳ್ಳಕ್ಕೆ ಅಡ್ಡಲಾಗಿ ಒಡ್ಡು ಕಟ್ಟುತ್ತದೆ; ನಿಂತ ನೀರಿನ ನಡುವೆ ಮನೆ ಮಾಡಿಕೊಂಡು ಚಳಿಗಾಲ ಕಳೆಯುತ್ತದೆ ಎಂದು ವಿವರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ, “ನಮ್ಮೋನೇ ಬುಡಿ ಸಾರ್, ಕಟ್ಟೆ ಕಟ್ಟೋನು” ಎಂದ. ತರಗತಿ ನಕ್ಕಿತು.

ಮಂಡ್ಯದಲ್ಲಿ ಅದು ಬರೀ ತಮಾಷೆಯ ಮಾತಲ್ಲ. 1911ರಲ್ಲಿ ಶುರುವಾಗಿ 1931ರ ಹೊತ್ತಿಗೆ ಮುಗಿದ ಕನ್ನಂಬಾಡಿ ಕಟ್ಟೆ, ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ಇವೆರಡರಿಂದ ಈ ಜಿಲ್ಲೆ ಈಗಿರುವ ಜಿಲ್ಲೆಯಾಯಿತು. ನೀರು ನಿಲ್ಲಿಸಿದವರ ಪಟ ದೇವರ ಪಟಗಳ ಸಾಲಿನಲ್ಲೇ ತೂಗುವ ಮನೆಗಳು ನಮ್ಮಲ್ಲಿವೆ. ಬೀವರ್ ಮಾಡುತ್ತಿದ್ದುದೂ ಅದನ್ನೇ. ಅದರ ಒಡ್ಡಿನ ಹಿಂದೆ ನೀರು ಹರಡಿ ನಿಲ್ಲುತ್ತದೆ, ಮಣ್ಣು ಕೂರುತ್ತದೆ, ಮೀನು ಹಕ್ಕಿ ಸೇರುತ್ತವೆ, ಬೇಸಿಗೆಯಲ್ಲೂ ಹಳ್ಳ ಬತ್ತುವುದಿಲ್ಲ. ಅದು ಹೋದರೆ ಒಡ್ಡು ಒಡೆಯುತ್ತದೆ, ನೀರು ಒಂದೇ ಓಟಕ್ಕೆ ಹರಿದು ಹಳ್ಳದ ತಳವನ್ನು ಕೊರೆಯುತ್ತದೆ. ಹೀಗೆ ನೀರು ಕಟ್ಟುತ್ತಿದ್ದ ಪ್ರಾಣಿಯನ್ನು ಖಂಡದ ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ಹುಡುಕಿ ಹುಡುಕಿ ಕೊಂದದ್ದು ಟೋಪಿಗಾಗಿ.

ಬೀವರಿನ ಮೈಮೇಲೆ ಎರಡು ಪದರ ಕೂದಲು. ಹೊರಗಿನದು ಉದ್ದ, ಒರಟು. ಒಳಗಿನದು ನವಿರು, ದಟ್ಟ. ಒಳಪದರದ ಕೂದಲಿನ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಮುಳ್ಳುಗಳಿವೆ. ಬಿಸಿ, ತೇವ, ಒತ್ತಡ ಕೊಟ್ಟರೆ ಒಂದಕ್ಕೊಂದು ಸಿಕ್ಕಿಕೊಂಡು, ನೇಯದೆಯೇ ಗಟ್ಟಿ ಬಟ್ಟೆಯಾಗುತ್ತದೆ. ಅದು ಹಗುರ. ಮಳೆಗೆ ನೆನೆಯುವುದಿಲ್ಲ, ಆಕಾರ ಕೆಡುವುದಿಲ್ಲ. ಯೂರೋಪಿನ ಗಣ್ಯರ ತಲೆಗೆ ಅದೇ ಬೇಕಾಯಿತು. ತಮ್ಮ ನದಿಗಳ ಬೀವರ್ ತೀರುತ್ತ ಬಂದಾಗ ಅವರು ಅಟ್ಲಾಂಟಿಕ್ ದಾಟಿದರು. 1670ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಒಂದು ಸನ್ನದು ಬರೆದು, ಹಡ್ಸನ್ ಕೊಲ್ಲಿಗೆ ಹರಿಯುವ ಅಷ್ಟೂ ನದಿಗಳ ನೆಲವನ್ನು ಒಂದು ಕಂಪನಿಗೆ ಕೊಟ್ಟುಬಿಟ್ಟ. ಆ ನೆಲದಲ್ಲಿ ಆಗಲೇ ವಾಸವಿದ್ದ ಜನರನ್ನು ಕೇಳಿದವರಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಥೆ ಬಲ್ಲ ನಮಗೆ ಇದು ಹೊಸದಾಗಿ ಕಾಣಬೇಕಿಲ್ಲ.

ಆ ವ್ಯಾಪಾರದಲ್ಲಿ ನಾಣ್ಯವೇ ಬೀವರ್. ಒಂದು ಒಳ್ಳೆಯ ತೊಗಲು ಒಂದು ಲೆಕ್ಕ. ಇಷ್ಟು ತೊಗಲಿಗೆ ಒಂದು ಪಾತ್ರೆ, ಇಷ್ಟಕ್ಕೆ ಕಂಬಳಿ, ಹತ್ತು ಹನ್ನೆರಡಕ್ಕೆ ಬಂದೂಕು. ಮುಂದೆ ಕಂಪನಿ ಹಿತ್ತಾಳೆಯ ಬಿಲ್ಲೆಗಳನ್ನೇ ಹೊರಡಿಸಿತು. ಅದರ ಬೆಲೆ ಬೀವರಿನಲ್ಲಿ. ಚಳಿಗಾಲಕ್ಕೆ ಮುಂಚೆ ಸಾಮಾನು ಸಾಲವಾಗಿ ಕೊಡುತ್ತಿದ್ದರು, ವಸಂತದಲ್ಲಿ ತೊಗಲು ತಂದು ತೀರಿಸಬೇಕು. ಮಂಡ್ಯದ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಕಬ್ಬಿಗೆ ಮುಂಗಡ, ಗೂಡಿಗೆ ಮುಂಗಡ, ಎಲ್ಲಾ ಅವರ ಮನೆಯದೇ ಮಾತು.

ಆ ಕಾಡಿನ ಜನ ಮೋಸಹೋದ ಮುಗ್ಧರು ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಸರಿಯಲ್ಲ. 1630ರ ದಶಕದಲ್ಲಿ ಲ ಝೆನ್ ಎಂಬ ಫ್ರೆಂಚ್ ಪಾದ್ರಿ ಇನ್ನು ಜನರ ನಡುವೆ ಇದ್ದ. ಆಗ ಅವನ ಅತಿಥೇಯ, ಒಂದು ಬೀವರ್ ತೊಗಲಿಗೆ ಇಪ್ಪತ್ತು ಚಾಕು ಕೊಡುವ ಈ ಇಂಗ್ಲಿಷರಿಗೆ ಬುದ್ಧಿಯೇ ಇಲ್ಲ ಎಂದು ನಕ್ಕದ್ದನ್ನು ಅವನು ದಾಖಲಿಸಿದ್ದಾನೆ. ಅವರ ದೃಷ್ಟಿಯಲ್ಲಿ ವ್ಯಾಪಾರ ತಮಗೇ ಲಾಭ. ಕೊಲ್ಲುವುದಕ್ಕೂ ಅವರಲ್ಲಿ ಒಂದು ಕಟ್ಟುಪಾಡಿತ್ತು. ಕ್ರೀ ಜನ ಬೀವರಿನ ಎಲುಬುಗಳನ್ನು ನಾಯಿಗಳಿಗೆ ಹಾಕುತ್ತಿರಲಿಲ್ಲ, ನೀರಿಗೇ ಹಿಂತಿರುಗಿಸುತ್ತಿದ್ದರು. ಪ್ರಾಣಿ ತಾನಾಗಿ ತನ್ನನ್ನು ಕೊಟ್ಟುಕೊಂಡಿದೆ, ಮರ್ಯಾದೆ ತಪ್ಪಿದರೆ ಮುಂದೆ ಕೊಡುವುದಿಲ್ಲ ಎಂಬ ನಂಬಿಕೆ. ತೊಗಲು ಹದ ಮಾಡುವ ಕೆಲಸದ ಬಹುಪಾಲು ಹೆಂಗಸರದು. ಲಂಡನ್ನಿನ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿಲ್ಲ.

ಇಷ್ಟು ಹೇಳಿ ಕಪ್ಪು ಹಲಗೆಯ ಮೇಲೆ ಒಂದು ಗೆರೆ ಎಳೆದೆ. ಗೆರೆಯ ಆ ತುದಿಯಲ್ಲಿ ಮಂಜುಗಟ್ಟಿದ ಹಳ್ಳದಲ್ಲಿ ಬಲೆ ಒಡ್ಡುವವನು. ನಡುವೆ ತೊಗಲು ಹದ ಮಾಡುವವಳು, ದೋಣಿ ಹುಟ್ಟುಹಾಕುವವನು, ಕೋಠಿಯ ಗುಮಾಸ್ತ, ಹಡಗಿನವನು, ಹರಾಜಿನವನು. ಆಮೇಲೆ ಟೋಪಿ ಮಾಡುವ ಕೆಲಸಗಾರ: ತುಪ್ಪಳ ಬೇಗ ಅಂಟಿಕೊಳ್ಳಲೆಂದು ಪಾದರಸದ ದ್ರಾವಣ ಹಚ್ಚಿ, ಅದರ ಹಬೆ ಕುಡಿದು ಕುಡಿದು ಕೈ ನಡುಗುವ ಕಾಯಿಲೆ ಬಂದವನು. ಈ ತುದಿಯಲ್ಲಿ, ಟೋಪಿ ತೆಗೆದು ವಂದಿಸುವ ಸಜ್ಜನ. ಕೊಂದದ್ದು ಯಾರು, ಎಂದು ಕೇಳಿದೆ. ಎಲ್ಲರೂ ಎಂದರು ಕೆಲವರು, ಯಾರೂ ಅಲ್ಲ ಎಂದರು ಕೆಲವರು. ಹಿಂದಿನ ಬೆಂಚಿನವನು ಸುಮ್ಮನಿದ್ದ.

* * *

ಆ ವ್ಯಾಪಾರ ಎಲ್ಲಿಗೆ ಮುಟ್ಟಿತೆಂದರೆ, 1820ರ ದಶಕದಲ್ಲಿ ಕಂಪನಿಯ ಅಧಿಕಾರಿ ಜಾರ್ಜ್ ಸಿಂಪ್ಸನ್ ಸ್ನೇಕ್ ನದಿಯ ಸೀಮೆಯಲ್ಲಿ ಬೀವರನ್ನು ಬೇಕೆಂದೇ ಪೂರ್ತಿ ಬರಿದು ಮಾಡಿಸಿದ. ಅಮೆರಿಕನ್ ಬೇಟೆಗಾರರು ಅತ್ತ ಬಾರದಿರಲಿ ಎಂದು ನಡುವೆ ತುಪ್ಪಳದ ಮರುಭೂಮಿ ಮಾಡುವ ಉಪಾಯ. 1837ರಲ್ಲಿ ಅಮೆರಿಕನ್ ತುಪ್ಪಳ ಕಂಪನಿಯ ಉಗಿಹಡಗೊಂದು ಮಿಸ್ಸೂರಿ ನದಿಯ ಮೇಲೆ ಸಾಮಾನಿನ ಜೊತೆ ಸಿಡುಬನ್ನೂ ಹೊತ್ತು ತಂದಿತು. ಮಂಡನ್ ಎಂಬ ಜನಾಂಗ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಅಳಿದುಹೋಯಿತು. ಸಾವಿರಕ್ಕೂ ಮಿಕ್ಕಿ ಇದ್ದವರಲ್ಲಿ ಉಳಿದವರು ನೂರರ ಆಸುಪಾಸು. ಪ್ಯಾರಿಸ್ಸಿನಲ್ಲೋ ಲಂಡನ್ನಿನಲ್ಲೋ ಟೋಪಿ ಕೊಂಡವನು ಆ ಹಳ್ಳಿಗಳ ಹೆಸರನ್ನೂ ಕೇಳಿರಲಿಲ್ಲ.

ಬೀವರ್ ಪೂರಾ ಅಳಿಯುವ ಮೊದಲು ಒಂದು ಬದಲಾವಣೆ ಬಂತು. ಕಾನೂನಿನಿಂದಲ್ಲ, ಕನಿಕರದಿಂದಲೂ ಅಲ್ಲ. ಯೂರೋಪಿನಲ್ಲಿ ಟೋಪಿಯ ಫ್ಯಾಷನ್ ಬದಲಾಯಿತು. ಬೀವರ್ ಅಪರೂಪವಾಗಿ ದುಬಾರಿಯಾಗಿತ್ತು. ಅದರ ಜಾಗಕ್ಕೆ ಮಿರುಗುವ ಹೊಸ ಬಟ್ಟೆಯ ಟೋಪಿ ಬಂತು. ತುಪ್ಪಳದಿಂದಲೇ ಅಮೆರಿಕದ ಅತಿ ದೊಡ್ಡ ಸಿರಿವಂತನಾಗಿದ್ದ ಜಾನ್ ಜೇಕಬ್ ಆಸ್ಟರ್ ಗಾಳಿ ಬೀಸುವ ದಿಕ್ಕು ನೋಡಿ 1834ರಲ್ಲಿ ಆ ವ್ಯಾಪಾರ ಬಿಟ್ಟ. ರಾಕಿ ಪರ್ವತಗಳ ಬೇಟೆಗಾರರು ವರ್ಷಕ್ಕೊಮ್ಮೆ ಕೂಡುತ್ತಿದ್ದ ಸಂತೆ 1840ಕ್ಕೆ ಕೊನೆಯಾಯಿತು. ಬೇಟೆ ಪೂರ್ತಿ ನಿಲ್ಲಲಿಲ್ಲ, ಆದರೆ ಬೀವರಿಗೆ ಉಸಿರಾಡಲು ಒಂದಿಷ್ಟು ಬಿಡುವು ಸಿಕ್ಕಿತು.

ಆ ಹೊಸ ಟೋಪಿ ಯಾವುದರದು ಎಂದು ತರಗತಿಯನ್ನು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಪಾಠದ ತಯಾರಿಯಲ್ಲಿ ಅದನ್ನು ಓದಿದ ರಾತ್ರಿಯೇ ನನಗೆ ಅಕ್ಕನ ಜಗಲಿ ನೆನಪಾಗಿತ್ತು. ಅದು ರೇಷ್ಮೆಯ ಟೋಪಿ.

ಆ ರೇಷ್ಮೆ ನಮ್ಮ ಸೀಮೆಯದಲ್ಲ. ಟೋಪಿಯ ಬಟ್ಟೆ ನೇಯುತ್ತಿದ್ದುದು ಫ್ರಾನ್ಸಿನಲ್ಲಿ. ಆದರೆ ಹುಳ ಅದೇ ಜಾತಿಯದು, ಅಕ್ಕನ ಮನೆಯ ತಟ್ಟೆಗಳಲ್ಲಿ ಸೊಪ್ಪು ಮೇಯುವುದೇ. ಈ ಎರಡು ಕಥೆಗಳು ಒಂದೇ ಕಾಲದವು ಕೂಡ. 1786ರಲ್ಲಿ ಬೊಂಬಾಯಿಯಿಂದ ಹೊರಟ ಎರಡು ಹಡಗುಗಳು ಕಡಲ ನೀರುನಾಯಿಯ ತುಪ್ಪಳ ಕೊಂಡು ಚೀನಾಕ್ಕೆ ಮಾರುವ ಆಸೆಯಿಂದ ಅಮೆರಿಕದ ಪಶ್ಚಿಮ ತೀರ ಮುಟ್ಟಿದವು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆಹುಳ ತರಿಸಿ ಸಾಕಿಸಲು ಏರ್ಪಾಡು ಮಾಡುತ್ತಿದ್ದ. ಅಲ್ಲಿಂದ ಹಿಡಿದು ಅಕ್ಕನ ಮನೆಯವರೆಗೆ ಒಂದೇ ದಾರಿ.

ಹಾಗಾದರೆ ಒಂದು ಪ್ರಾಣಿಯನ್ನು ಒಂದು ಹುಳ ಉಳಿಸಿತು ಎನ್ನಬೇಕೆ? ಕೊಲೆ ನಿಂತಿತೋ, ಜಾಗ ಬದಲಿಸಿತೋ? ಬಿಡುವು ಸಿಕ್ಕ ಬೀವರಿಗೆ ಇದರಿಂದ ವ್ಯತ್ಯಾಸವಿಲ್ಲ, ಅದಕ್ಕೆ ಬದುಕು ಸಿಕ್ಕಿತು. ವ್ಯತ್ಯಾಸ ಇರುವುದು ಟೋಪಿ ಬದಲಿಸಿದವನಿಗೆ. ಅವನು ಬೀವರನ್ನು ಕ್ಷಮಿಸಿರಲಿಲ್ಲ, ಮರೆತಿದ್ದ. ಬೆಲೆ ಇಳಿದದ್ದರಿಂದ ಬಂದ ದಯೆ ಬೆಲೆ ಏರಿದರೆ ಹೋಗುತ್ತದೆ.

* * *

ಈಗ ಅಕ್ಕನ ಮನೆಗೆ ಬರುತ್ತೇನೆ. ಚಾಕಿ ಹುಳ ಮನೆಗೆ ಬಂದ ದಿನದಿಂದ ಅಲ್ಲಿ ಎಲ್ಲರ ಊಟ, ನಿದ್ದೆ ಹುಳದ ಊಟ, ನಿದ್ದೆಯ ಪ್ರಕಾರ. ನಾಲ್ಕು ಸಲ ಅದು ಜ್ವರಕ್ಕೆ ಕೂರುತ್ತದೆ, ಅಂದರೆ ತಲೆಯೆತ್ತಿ ಅಲುಗಾಡದೆ ನಿಂತು ಪೊರೆ ಬಿಡುತ್ತದೆ. ಆಗ ಸೊಪ್ಪು ಹಾಕುವಂತಿಲ್ಲ. ಕೊನೆಯ ಜ್ವರ ಎದ್ದ ಮೇಲೆ ಹಗಲು ರಾತ್ರಿ ಮೇಯುತ್ತದೆ; ಕತ್ತಲಲ್ಲಿ ಹುಳದ ಮನೆಯ ಬಾಗಿಲಲ್ಲಿ ನಿಂತರೆ ಸಣ್ಣ ಮಳೆ ಹನಿದಂಥ ಸದ್ದು. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು ಒಳಗೆ ಹೋಗಬೇಕು. ಹಾಲುತೊಂಡೆಯೋ ಸುಣ್ಣಕಟ್ಟೋ ಬಿತ್ತೆಂದರೆ ಒಂದು ವಾರದಲ್ಲಿ ಇಡೀ ಬೆಳೆ ತಿಪ್ಪೆಗೆ. ಹಾಗೆ ಬೆಳೆ ಹೋದ ಒಂದು ವರ್ಷ ಅಕ್ಕ ಬಿದಿರು ತಟ್ಟೆಗಳ ನಡುವೆ ಕೂತು ಅತ್ತದ್ದನ್ನು ನೋಡಿದ್ದೇನೆ. ಅದು ದುಡ್ಡು ಹೋದ ಅಳು, ನಿಜ. ಅದಷ್ಟೇ ಎಂದು ಹೇಳಲು ನನಗೆ ಧೈರ್ಯವಿಲ್ಲ. ಕೂಸಿಗೆ ಕಾಯಿಲೆ ಬಂದಾಗ ಆಡುವ ಮಾತನ್ನೇ ಅವಳು ಆಡುತ್ತಿದ್ದಳು.

ಇಪ್ಪತ್ತೈದು ದಿನ ಹೀಗೆ ಸಾಕಿದ ಹುಳ ಹಣ್ಣಾಗುತ್ತದೆ. ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಒಳಗೆ ಮಲಗುತ್ತದೆ. ಆಮೇಲೆ ಗೂಡು ಬಿಡಿಸಿ, ಚೀಲ ಕಟ್ಟಿ, ರಾಮನಗರದ ಮಾರುಕಟ್ಟೆಗೆ. ಹತ್ತು ದಿನ ಬಿಟ್ಟರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ನೂಲು ತುಂಡಾಗುತ್ತದೆ. ಅದಕ್ಕೇ ಅದರೊಳಗೆ ಜೀವವನ್ನು ಹಬೆಯಲ್ಲೋ ಬಿಸಿಯಲ್ಲೋ ಮುಗಿಸಿ, ಕುದಿನೀರಿನಲ್ಲಿ ಎಳೆ ಬಿಡಿಸಬೇಕು. ಒಂದು ಕೆ.ಜಿ. ಕಚ್ಚಾ ರೇಷ್ಮೆಗೆ ಸುಮಾರು ಏಳು ಕೆ.ಜಿ. ಗೂಡು, ಒಂದು ಕೆ.ಜಿ. ಗೂಡಿನಲ್ಲಿ ಆರೇಳು ನೂರು ಹುಳ. ಅರ್ಧ ಕೆ.ಜಿ. ರೇಷ್ಮೆಯ ಒಂದು ಸೀರೆ ಎಂದರೆ ಎರಡು ಸಾವಿರಕ್ಕೂ ಹೆಚ್ಚು ಜೀವ. ಹುಡುಗಿಯ ಲೆಕ್ಕ ತಪ್ಪಿಲ್ಲ.

ಅಕ್ಕ ಒಂದು ಹುಳವನ್ನೂ ತನ್ನ ಕೈಯಾರೆ ಕೊಂದವಳಲ್ಲ. ಅವಳು ಮಾರುವುದು ಜೀವ ಇರುವ ಗೂಡನ್ನು. ರೀಲರ್ ಹೇಳುತ್ತಾನೆ, ನಾನು ನೂಲು ತೆಗೆಯುವವನು. ನೇಕಾರ ಹೇಳುತ್ತಾನೆ, ನನ್ನ ಕೈಗೆ ಬರುವುದು ನೂಲು. ಅಂಗಡಿಯವನಿಗೆ ಅದು ಸೀರೆ. ಉಡುವವಳಿಗೆ ಅದು ಮಡಿ. ನಮ್ಮಲ್ಲಿ ಪೂಜೆಗೆ ಹತ್ತಿಗಿಂತ ಪಟ್ಟೆಯೇ ಶ್ರೇಷ್ಠ. ಸಾವಿರಾರು ಜೀವ ಬೇಯಿಸಿ ತೆಗೆದ ಬಟ್ಟೆಗೆ ಮೈಲಿಗೆ ತಾಗುವುದಿಲ್ಲ ಎಂದು ನಾವು ಎಷ್ಟೋ ತಲೆಮಾರಿನಿಂದ ನಂಬಿಕೊಂಡು ಬಂದಿದ್ದೇವೆ. ಕೃಷ್ಣಾಜಿನದ ಮೇಲೆ ಕೂತು ಧ್ಯಾನ ಮಾಡಿದವರ ದೇಶದಲ್ಲಿ ಟೋಪಿಯವನನ್ನು ಮಾತ್ರ ದೂರುವುದು ನನಗೆ ಹಿಡಿಸುವುದಿಲ್ಲ.

ಹಲಗೆಯ ಮೇಲೆ ಎಳೆದ ಗೆರೆ ಹೀಗೆ ನಮ್ಮ ಮನೆಯ ಒಳಗೇ ಬಂತು. ಅದನ್ನು ನೋಡುತ್ತ ನನಗೆ ಹೊಳೆದದ್ದು ಇಷ್ಟು: ಕೊಳ್ಳುವವನು ಒಂದು ಬೆಲೆಗೆ ಎರಡು ಸರಕು ಕೊಳ್ಳುತ್ತಾನೆ. ಒಂದು ಟೋಪಿ. ಇನ್ನೊಂದು, ಟೋಪಿಯ ಹಿಂದಿನದನ್ನು ನೋಡದೆ ಇರುವ ಅನುಕೂಲ. ದೂರ ಎನ್ನುವುದು ತಾನಾಗಿ ಆದದ್ದಲ್ಲ. ಪ್ರತಿಯೊಂದು ಕೈ ಬದಲಾದಾಗಲೂ ವಾಸನೆ ಸ್ವಲ್ಪ ಕಳೆಯುತ್ತದೆ, ಹೆಸರು ಬದಲಾಗುತ್ತದೆ, ಕೊನೆಗೆ ಅಂಗಡಿಯ ಗಾಜಿನ ಹಿಂದೆ ಮಿರುಗುವುದು ಹುಳವಲ್ಲ. ಈ ಎರಡನೆಯ ಸರಕಿಗೆ ಬಿಲ್ ಇಲ್ಲದಿದ್ದರೂ ನಾವು ಅದನ್ನು ಆಸೆಪಟ್ಟೇ ಕೊಳ್ಳುತ್ತೇವೆ. ನನಗೆ ಗೊತ್ತಿರಲಿಲ್ಲ ಎಂಬುದು ಬಹಳ ಸಲ ಗೊತ್ತಾಗದಂತೆ ನೋಡಿಕೊಂಡೆ ಎಂಬುದರ ಇನ್ನೊಂದು ರೂಪ.

ಆದರೆ ಕೊಲೆಯ ಹತ್ತಿರ ಇರುವವರಿಗೆ ಆ ಅನುಕೂಲವಿಲ್ಲ. ಅದಕ್ಕೇ ಕ್ರೀ ಬೇಟೆಗಾರನಿಗೆ ಎಲುಬನ್ನು ನೀರಿಗೆ ಬಿಡುವ ನೇಮ ಬೇಕಾಯಿತು, ಅಕ್ಕನಿಗೆ ಚಪ್ಪಲಿ ಹೊರಗೆ ಬಿಡುವ ನೇಮ. ರೋಗದ ಭಯದಿಂದ ಬಂದ ನೇಮ ಅದು ಎಂದು ಇಲಾಖೆಯವರು ಹೇಳುತ್ತಾರೆ, ಸರಿಯೇ. ಆದರೆ ಅವಳು ಒಳಗೆ ಹೋಗುವಾಗ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಯಾವ ರೋಗಕ್ಕೂ ಅಲ್ಲ.

* * *

ಹಾಗಿದ್ದರೆ ಹುಡುಗಿಗೆ ಏನು ಹೇಳಬೇಕು?

ಅಕ್ಕನ ವಾದವನ್ನು ಮೊದಲು ತೂಗುತ್ತೇನೆ. ನಿನ್ನ ಓದೂ ಇದರಿಂದಲೇ ಆದದ್ದು ಎಂಬ ಮಾತಿಗೆ ತೂಕವಿದೆ. ಅದರ ಅರ್ಥ, ಈ ಗೆರೆಯ ಹೊರಗೆ ನಿಂತು ಮಾತಾಡುವ ಜಾಗ ನಿನಗೆ ಇಲ್ಲ, ನನಗೂ ಇಲ್ಲ ಎಂದು. ಆದರೆ ಅದಕ್ಕೆ ಇನ್ನೊಂದು ಅರ್ಥ ಹಚ್ಚಿ, ಆದ್ದರಿಂದ ಬಾಯಿ ಮುಚ್ಚಿಕೊಂಡು ಉಡು ಎಂದರೆ ನಾನು ಒಪ್ಪುವುದಿಲ್ಲ. ಋಣ ಬೇರೆ, ಒಪ್ಪಿಗೆ ಬೇರೆ. ನಮ್ಮನ್ನು ಬೆಳೆಸಿದ್ದೆಲ್ಲ ಮುಂದೆಯೂ ಹಾಗೇ ನಡೆಯಬೇಕು ಎಂದಿದ್ದರೆ ಯಾವ ಮಗನೂ ಅಪ್ಪನ ಜೀತಗಾರನನ್ನು ಬಿಡುಗಡೆ ಮಾಡುತ್ತಿರಲಿಲ್ಲ.

ಹುಡುಗಿಯ ವಾದಕ್ಕೂ ಒಂದು ಪ್ರಶ್ನೆ ಇದೆ. ರೇಷ್ಮೆ ಬಿಟ್ಟು ಏನು ಉಡುತ್ತೀಯ? ಮಿರುಗುವ ಪಾಲಿಯೆಸ್ಟರ್ ಆದರೆ ಅದು ಪೆಟ್ರೋಲಿನ ಮಗಳು. ಅದರ ಗೆರೆ ಎಲ್ಲಿಂದ ಹೊರಟು ಯಾವ ಹೊಳೆಯಲ್ಲಿ ಮುಗಿಯುತ್ತದೆ? ಚಿಟ್ಟೆ ಹಾರಿಹೋದ ಮೇಲೆ ತೆಗೆದ ಅಹಿಂಸಾ ರೇಷ್ಮೆ ಎಂದರೆ, ಸಾವಿರಾರು ವರ್ಷ ಮನುಷ್ಯನ ಸಾಕಣೆಯಲ್ಲಿದ್ದ ಈ ಚಿಟ್ಟೆ ಹಾರಲಾರದು, ತಿನ್ನಲಾರದು, ಕೆಲವೇ ದಿನ ಬದುಕುತ್ತದೆ ಎಂಬುದೂ ತಿಳಿದಿರಲಿ. ಹುಳದ ಮೇಲೆ ಕಣ್ಣಿಟ್ಟು ಮನುಷ್ಯರನ್ನು ಮರೆಯುವ ಅಪಾಯವೂ ಉಂಟು. ಒಂದು ಕಾಲಕ್ಕೆ ಕರ್ನಾಟಕದ ರೀಲಿಂಗ್ ಘಟಕಗಳಲ್ಲಿ ಅಪ್ಪ ಪಡೆದ ಮುಂಗಡಕ್ಕೆ ಮಕ್ಕಳು ಬಿಸಿನೀರಿನಲ್ಲಿ ಕೈ ಅದ್ದಿ ದುಡಿದಿದ್ದಾರೆ. ಹುಳದ ಸಾವಿಗೆ ಮರುಗಿ ಆ ಬೆರಳುಗಳನ್ನು ನೋಡದೆ ಹೋದರೆ ನಮ್ಮ ಕನಿಕರವೂ ಒಂದು ಫ್ಯಾಷನ್ನೇ.

ಕೊಲೆ ಬೇರೆ ರೀತಿಯಲ್ಲೂ ನಿಲ್ಲಬಹುದು ಎನ್ನಲು ನಮ್ಮ ಹತ್ತಿರದ ಒಂದು ಸಂಗತಿ ಇದೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಡೆ ಹೋದರೆ, ಅದೃಷ್ಟವಿದ್ದರೆ, ಕಾವೇರಿಯ ಬಂಡೆಗಳ ಮೇಲೆ ನೀರುನಾಯಿಗಳ ಗುಂಪು ಕಾಣುತ್ತದೆ. ಅವುಗಳದೂ ದಟ್ಟ ತುಪ್ಪಳ. ಭಾರತದ ಹೊಳೆಗಳ ನೀರುನಾಯಿ ತೊಗಲು ಕಳ್ಳದಾರಿಯಲ್ಲಿ ಹಿಮಾಲಯ ದಾಟಿ ಟಿಬೆಟ್ಟಿನ ಹಬ್ಬದ ನಿಲುವಂಗಿಗಳ ಅಂಚಾಗುತ್ತಿತ್ತು, ಹುಲಿ ಚಿರತೆಗಳ ತೊಗಲಿನ ಜೊತೆ. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ನಡೆದ ಕಾಲಚಕ್ರ ಸಮಾರಂಭದಲ್ಲಿ ದಲೈ ಲಾಮಾ ಇದನ್ನು ತೊಡಬೇಡಿ ಎಂದರು. ಕೇಳಿದವರು ಹಿಂತಿರುಗಿದ ಮೇಲೆ ಟಿಬೆಟ್ಟಿನ ಊರೂರುಗಳಲ್ಲಿ ಜನ ತಮ್ಮ ತುಪ್ಪಳದ ಬಟ್ಟೆಗಳನ್ನು ರಾಶಿ ಹಾಕಿ ಸುಟ್ಟರು. ಎಷ್ಟೋ ಕುಟುಂಬಗಳಿಗೆ ಅದೇ ಮನೆಯ ದೊಡ್ಡ ಆಸ್ತಿ. ಬೆಲೆ ಇಳಿದಿರಲಿಲ್ಲ, ಫ್ಯಾಷನ್ ಹೋಗಿರಲಿಲ್ಲ. ಗೆರೆಯ ಈ ತುದಿಯಲ್ಲಿ ನಿಂತವರು ಆ ತುದಿಯನ್ನು ನೋಡಿದರು, ನಷ್ಟವನ್ನು ತಾವೇ ಹೊತ್ತರು. ಟೋಪಿ ಬದಲಿಸಿದವನಿಗೂ ಇವರಿಗೂ ಇರುವ ವ್ಯತ್ಯಾಸ ಇದೇ.

ಮದ್ದೂರಿನ ಶಿವಪುರದಲ್ಲಿ ಹೆದ್ದಾರಿಯ ಪಕ್ಕ ಸತ್ಯಾಗ್ರಹ ಸೌಧವಿದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಕಾಂಗ್ರೆಸ್ಸಿಗರು ನಿಷೇಧ ಮುರಿದು ಬಾವುಟ ಹಾರಿಸಿದ ಜಾಗ. ಬಸ್ಸಿನಲ್ಲಿ ಅದನ್ನು ದಾಟುವಾಗಲೆಲ್ಲ ಆ ಕಾಲದವರ ಖಾದಿ ನೆನಪಾಗುತ್ತದೆ. ಖಾದಿಯ ಅರ್ಥ ಒರಟು ಬಟ್ಟೆ ಎಂದಲ್ಲ. ನನ್ನ ಮೈಮೇಲಿನ ನೂಲು ಯಾರ ಕೈಯಿಂದ ಬಂತು ಎಂದು ನನಗೆ ಗೊತ್ತಿರಬೇಕು ಎಂಬುದು. ದಾರಿಯನ್ನು ಚಿಕ್ಕದು ಮಾಡುವುದು. ಆ ಎರಡನೆಯ ಸರಕನ್ನು, ನೋಡದಿರುವ ಅನುಕೂಲವನ್ನು, ಕೊಳ್ಳದೆ ಇರುವುದು.

ನನಗೆ ತೋಚುವ ಉತ್ತರ ಇಷ್ಟೇ. ಯಾರೂ ಏನನ್ನೂ ಕೊಲ್ಲದೆ ಉಡುವ, ಉಣ್ಣುವ ಬದುಕು ನಮಗೆ ಸಿಗುವುದಿಲ್ಲ. ಬಾಡೂಟ ಉಂಡ ಬಾಯಲ್ಲಿ ನಾನು ಅದನ್ನು ಬೋಧಿಸುವುದೂ ಇಲ್ಲ. ಆದರೆ ಉಪಯೋಗ ಪಡೆಯುವವನು ಗೆರೆಯ ಉದ್ದಕ್ಕೂ ಒಮ್ಮೆ ನಡೆದು ನೋಡಬೇಕು. ನೋಡಿದ ಮೇಲೆ ಉಡುವುದೋ ಬಿಡುವುದೋ ಅವನಿಗೆ ಸೇರಿದ್ದು. ಬಿಟ್ಟರೆ, ಬಿಟ್ಟದ್ದರ ನಷ್ಟ ತನ್ನ ಮೇಲೇ ಇರಬೇಕು, ಗೆರೆಯ ಆ ತುದಿಯ ಬಡವನ ಮೇಲೆ ಜಾರಿಸಬಾರದು. ರೇಷ್ಮೆ ಬಿಡುವವಳು ಅವ್ವ ಮುಂದೆ ಏನು ಬೆಳೆಯಬೇಕು, ಹೇಗೆ ಬದುಕಬೇಕು ಎಂಬ ಯೋಚನೆಯನ್ನೂ ತಲೆಗೆ ಹಚ್ಚಿಕೊಂಡರೆ ಅದು ಪೂರ್ತಿಯಾದ ಬಿಡುವಿಕೆ.

ಇದನ್ನು ಅವಳಿಗೆ ಹೇಳುವ ಸಂದರ್ಭ ಬರಲಿಲ್ಲ. ಹೋದ ತಿಂಗಳು ಅಕ್ಕನ ಮನೆಗೆ ಹೋದಾಗ ಹುಳ ಹಣ್ಣಾಗಿತ್ತು. ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಆಯ್ದು ಚಂದ್ರಿಕೆಗೆ ಬಿಡಬೇಕು, ಎಷ್ಟು ಕೈ ಇದ್ದರೂ ಸಾಲದು. ಹುಡುಗಿ ಶುಕ್ರವಾರ ರಾತ್ರಿಯ ಬಸ್ಸಿಗೆ ಬಂದಿಳಿದವಳು ಬಟ್ಟೆ ಬದಲಿಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು. ಬೆಳಗಿನ ಜಾವದವರೆಗೂ ತಾಯಿ ಮಗಳು ಎದುರು ಬದುರು ಕೂತು, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಂಥ ಹಣ್ಣು ಹುಳಗಳನ್ನು ಒಂದೊಂದಾಗಿ ಆಯ್ದು ಬಿಟ್ಟರು. ನಾನೂ ಒಂದು ತಟ್ಟೆ ಹಿಡಿದು ಕೂತೆ. ಹೆಚ್ಚು ಮಾತಿರಲಿಲ್ಲ.

ಬೆಳಗಾದ ಮೇಲೆ ಕಾಫಿ ಕುಡಿಯುವಾಗ ಅವಳೇ ಹೇಳಿದಳು: “ನಾನು ಉಡಲ್ಲ 
ಅವ್ವ. ಆದ್ರೆ ಗೂಡು ಬಿಡ್ಸೋಕೆ ಬುಧವಾರ ರಜ ಹಾಕಿ ಬತ್ತೀನಿ.”

ಅಕ್ಕ ಲೋಟ ಕೆಳಗಿಟ್ಟಳು. “ಉಡ್ದಿದ್ರೆ ಬುಡು. ಆ ದುಡ್ಡಲ್ಲಿ ನಾನೇ ಒಂದು ಉಟ್ಕತೀನಿ. ಮೂವತ್ತು ವರ್ಷ ಹುಳ ಸಾಕಿದ್ದೀನಿ. ನನ್ನ ಧಾರೆ ಸೀರೆ ಬಿಟ್ರೆ ಇನ್ನೊಂದು ರೇಷ್ಮೆ ಕಂಡಿಲ್ಲ ನಾನು.”

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ತಾಯಿಯ ಕೈ ನೋಡಿದಳು. ಆಮೇಲೆ ಎದ್ದು ಲೋಟ ತೊಳೆಯಲು ಹೋದಳು.